ಕನಕಲಕ್ಷ್ಮಿಯವರು ಸೆಟ್ಟು ಆರಿಸಿದ ಬಗೆ

ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಪ್ರತಿದಿನ ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಯ ಕಡೆಗೆ ನಡೆದುಹೋಗುತ್ತಿದ್ದ ವಿಜ್ಞಾನದ ಅಧ್ಯಾಪಕಿ ಕನಕಲಕ್ಷ್ಮಿಯವರ ತುಟಿಗಳು ಸದಾ ಅಲುಗುತ್ತಿದ್ದವು. ಅದು ನೃಸಿಂಹಮಂತ್ರದ ಜಪವೆಂದೇ ಊರು ನಂಬಿತ್ತು. ಅರ್ಚಕರ ಮನೆತನದ ಹೆಣ್ಣುಮಗಳು, ನಲವತ್ತು ದಾಟಿದರೂ ಮದುವೆಯಾಗದವರು, ಯಾರ ತಂಟೆಗೂ ಹೋಗದವರು, ಜಪವಲ್ಲದೆ ಇನ್ನೇನಿದ್ದೀತು? ಎದುರಿಗೆ ಬಂದ ಹೆಂಗಸರು ಭಂಗವಾಗದಿರಲೆಂದು ಕೊಡ ಹಿಡಿದೇ ಬದಿಗೆ ಸರಿದು ದಾರಿ ಬಿಡುತ್ತಿದ್ದರು. ತೊಂಬತ್ತಮೂರರಲ್ಲಿ ಅದೇ ಪ್ರೌಢಶಾಲೆಗೆ ಕನ್ನಡ ಅಧ್ಯಾಪಕನಾಗಿ ಬಂದ ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಂದು ದಿನ ಜೊತೆಯಲ್ಲಿ ನಡೆಯುತ್ತ ಕಿವಿಗೊಟ್ಟು ಕೇಳಿದರೆ, "ಡಿಡಿಡಿಡಿಟ್, ಡಾಡಾಡಾ, ಡಾ, ಡಿಟ್, ಡಿಡಾಡಿಡಿಟ್" ಎಂಬ ಸದ್ದು.

"ಏನು ಮಂತ್ರ ಇದು?" ಎಂದೆ.

"ಆ ಹೋಟೆಲಿನ ಬೋರ್ಡು ಓದ್ತಾ ಇದೀನಿ ಮೇಷ್ಟ್ರೇ" ಎಂದರು.

ತಂತಿ ಕಚೇರಿಯವರ ಕಟಕಟ ಭಾಷೆಯಾದ ಮೋರ್ಸ್ ಲಿಪಿಯನ್ನು ಅವರು ಹೀಗೆ ಬೀದಿಯ ಬೋರ್ಡುಗಳ ಮೇಲೆ ಅಭ್ಯಾಸ ಮಾಡುತ್ತಿದ್ದರು. ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದರೆ ಮನೆಯಲ್ಲೇ ರೇಡಿಯೋ ಕೇಂದ್ರ ಇಟ್ಟುಕೊಂಡು ಲೋಕದ ಯಾವ ಮೂಲೆಯವರೊಡನೆಯಾದರೂ ಮಾತನಾಡಬಹುದಾದ ಒಂದು ಹವ್ಯಾಸವಿದೆಯೆಂದೂ, ಅಂಥವರನ್ನು ಹ್ಯಾಮ್ ಎನ್ನುತ್ತಾರೆಂದೂ ನನಗೆ ತಿಳಿದದ್ದು ಅವರಿಂದಲೇ.

ಕೃಶವಾದ ಶರೀರ, ಗಂಜಿ ಹಾಕಿದ ಹತ್ತಿ ಸೀರೆ, ಅದರ ಮೇಲೆ ಪ್ರಯೋಗಶಾಲೆಯ ಮಾಸಲು ಬಿಳಿ ಕೋಟು. ಆ ಕೋಟನ್ನು ಅವರು ಬೀದಿಯಲ್ಲೂ ತೆಗೆಯುತ್ತಿರಲಿಲ್ಲ. ಸೀರೆಗೆ ಜೇಬಿಲ್ಲವಲ್ಲ ಎಂಬುದು ಅವರ ಸಮಜಾಯಿಷಿ. ಜೇಬಿನಲ್ಲಿ ಟೆಸ್ಟರು, ಇಕ್ಕಳ, ತಾಮ್ರದ ತಂತಿಯ ಸುರುಳಿ, ಒಂದು ಲವಂಗದ ಡಬ್ಬಿ. ಎಡಗೈಯನ್ನು ತುಸು ಮುಂದೆ ಚಾಚಿಕೊಂಡು, ಕಾಣದ ಗೋಡೆಯೊಂದನ್ನು ಸವರುತ್ತ ನಡೆಯುವವರ ಹಾಗೆ ನಡೆಯುತ್ತಿದ್ದರು. ಅದೂ ಅವರ ಅನೇಕ ವೈಚಿತ್ರ್ಯಗಳಲ್ಲಿ ಒಂದೆಂದು ನಾವು ಬಿಟ್ಟಿದ್ದೆವು.

ಅವರು ಪರೀಕ್ಷೆ ಪಾಸು ಮಾಡಿದ ಮೇಲೆ ವಿಚಾರಣೆಗೆಂದು ಒಬ್ಬ ಪೊಲೀಸಿನವನು ಬಂದ. "ಏನ್ ಮೇಡಂ, ವೈರ್‌ಲೆಸ್ಸು ಮಡಿಕ್ಕಂಡು ಯಾರ್ ಜತೆ ಮಾತಾಡ್ತೀರ?" ಎಂದು ಕೇಳಿದ. "ಯಾರು ಉತ್ತರ ಕೊಡ್ತಾರೋ ಅವರ ಜೊತೆ" ಎಂದರು ಇವರು. ಅವನು ನೆರೆಹೊರೆಯಲ್ಲಿ ವಿಚಾರಿಸಿ, ದಿನವಿಡೀ ಜಪ ಮಾಡುವ ದೈವಭಕ್ತೆಯೆಂದು ಬರೆದುಕೊಂಡು ಹೋದ. ತೊಂಬತ್ತಾರರ ಕೊನೆಯಲ್ಲಿ ಪರವಾನಗಿ ಬಂತು.

ಪರವಾನಗಿ ಕೈಗೆ ಬಂದವರು ಮೊದಲು ಸೆಟ್ಟು ಕೊಳ್ಳುತ್ತಾರೆ. ಕೇಳುವುದನ್ನೂ ಕಳಿಸುವುದನ್ನೂ ಒಂದೇ ಪೆಟ್ಟಿಗೆಯಲ್ಲಿ ಮಾಡುವ ಆ ಟ್ರಾನ್ಸೀವರನ್ನು ಹ್ಯಾಮುಗಳು ಪ್ರೀತಿಯಿಂದ ಸೆಟ್ಟು ಎಂದೇ ಕರೆಯುವುದು. ಕನಕಲಕ್ಷ್ಮಿಯವರ ಕ್ರಮ ತಿರುಗುಮುರುಗು. ಮೊದಲು ಆಂಟೆನಾಕ್ಕೆ ತಂತಿ ಆರಿಸಿದರು; ಹಿತ್ತಲ ತೆಂಗಿನ ಮರದಿಂದ ತಾರಸಿಯ ಕಂಬಕ್ಕೆ ಇಪ್ಪತ್ತು ಮೀಟರು ಎಳೆದು, ಮಳೆಗಾಲವೊಂದನ್ನು ಅದು ಹೇಗೆ ಕಳೆಯುತ್ತದೆಂದು ನೋಡಿದರು. ಆಮೇಲೆ ಆಂಟೆನಾದಿಂದ ಸೆಟ್ಟಿಗೆ ಇಳಿಯುವ ಕೇಬಲ್ಲು. ಅಲ್ಲಿ ಸೋರಿಹೋದದ್ದನ್ನು ಎಂಥ ಸೆಟ್ಟೂ ತುಂಬಿಕೊಡುವುದಿಲ್ಲವೆಂದು ಹೆಬ್ಬೆರಳ ಗಾತ್ರದ್ದನ್ನೇ ತರಿಸಿದರು. ಕರೆಂಟು ಇಷ್ಟಬಂದಾಗ ಬರುವ ಊರಾದ್ದರಿಂದ ಲಾರಿಯ ಬ್ಯಾಟರಿ. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ಅಂಗಡಿಯಲ್ಲೇ ಒಂದು ಗಂಟೆ ಧರಿಸಿ ಕುಳಿತು, ನೋವು ಬರುತ್ತದೆಂದು ಹಿಂದಿರುಗಿಸಿ ಬಂದದ್ದು ನಾಲ್ಕು ಸಲ. ಮೋರ್ಸ್ ಕಳಿಸುವ ಹಿತ್ತಾಳೆಯ ಕೀ, ಒತ್ತಿದಾಗ ಮೇಜಿನ ಮೇಲೆ ಜರುಗದಷ್ಟು ಭಾರವಿರಬೇಕು. ಒಂದೊಂದಕ್ಕೂ ತಿಂಗಳುಗಟ್ಟಲೆ. ಬೋಧಕರ ಕೊಠಡಿಯಲ್ಲಿ ನಾವು ನಗುತ್ತಿದ್ದೆವು. "ಕೂಗೋದು ಯಾರಿಗೆ ಬೇಕಾದ್ರೂ ಬರುತ್ತೆ ಮೇಷ್ಟ್ರೇ, ಮೊದಲು ಕಿವಿ, ಆಮೇಲೆ ಬಾಯಿ" ಎಂದು ಅವರೂ ನಗುತ್ತಿದ್ದರು.

ಕೊನೆಗೆ ಸೆಟ್ಟಿನ ಸರದಿ ಬಂದಾಗ ನನ್ನನ್ನೂ ಹಾಸನಕ್ಕೆ ಕರೆದೊಯ್ದರು. ಅಲ್ಲಿ ರೇಡಿಯೋ ರಿಪೇರಿ ಅಂಗಡಿಯ ರಾಮಣ್ಣ ಸ್ವತಃ ಹ್ಯಾಮು. ಬಳಸಿ ಮಾರುವವರ ಸೆಟ್ಟುಗಳೂ ಹೊಸವೂ ಅವರ ಮೂಲಕ ಕೈ ಬದಲಾಯಿಸುತ್ತಿದ್ದವು. ಜಪಾನಿನ ಹೊಚ್ಚಹೊಸ ಸೆಟ್ಟೊಂದನ್ನು ಅವರು ಮುಂದಿಟ್ಟರು. ಅಂಗೈಯಗಲದ ಮುಖ, ಸಾಸಿವೆಯಂಥ ಗುಂಡಿಗಳು, ನಡುವೆ ಕಿತ್ತಳೆ ಬೆಳಕಿನ ಪರದೆ. ಕನಕಲಕ್ಷ್ಮಿಯವರು ಕಣ್ಣು ಮುಚ್ಚಿಕೊಂಡು, ಮಗುವಿನ ಮುಖ ಸವರುವಂತೆ, ಅದರ ಮೇಲೆ ಬೆರಳಾಡಿಸಿದರು. ಹತ್ತು ನಿಮಿಷವಾಯಿತು. ಕಾಲು ಗಂಟೆಯಾಯಿತು.

"ಮೇಡಂ, ಸೆಟ್ಟು ನೋಡಕ್ಕೆ ಬಂದಿದೀರೋ, ಗಂಡು ನೋಡಕ್ಕೆ ಬಂದಿದೀರೋ?" ಎಂದರು ರಾಮಣ್ಣ.

"ಗಂಡಾಗಿದ್ರೆ ಇಷ್ಟು ಹೊತ್ತು ಬೇಕಿರಲಿಲ್ಲ" ಎಂದು ಕಣ್ಣು ತೆರೆಯದೆಯೇ ಉತ್ತರ ಬಂತು. ಆಮೇಲೆ ಮೆಲ್ಲಗೆ, "ಒಂದೊಂದು ಗುಂಡಿಗೆ ನಾಲ್ಕು ನಾಲ್ಕು ಕೆಲಸ ಇಟ್ಟಿದಾರೆ. ಯಾವಾಗ ಯಾವ ಕೆಲಸ ಅಂತ ಪರದೆ ನೋಡಿಯೇ ತಿಳೀಬೇಕು. ಬೇಡ. ಒಂದು ಗುಂಡಿ, ಒಂದು ಕೆಲಸ. ಅಂಥದ್ದು ಇದೆಯಾ?"

"ಅದು ನಮ್ಮಜ್ಜನ ಕಾಲದ್ದು ಮೇಡಂ!" ರಾಮಣ್ಣ ಸೆಟ್ಟನ್ನು ಪೆಟ್ಟಿಗೆಗೆ ಹಾಕಿ, ಕೊಂಚ ಗಟ್ಟಿಯಾಗಿಯೇ ಮುಚ್ಚಿದರು.

ಹಿಂದಿರುಗಲು ಹಾಸನದ ನಿಲ್ದಾಣಕ್ಕೆ ಬಂದಾಗ ದೀಪ ಹಚ್ಚುವ ಹೊತ್ತು. ಬಸ್ಸಿನ ಮೆಟ್ಟಿಲು ಕಣ್ಣೆದುರಿಗೇ ಇದ್ದರೂ ಕನಕಲಕ್ಷ್ಮಿಯವರು ಕಾಲಿಟ್ಟದ್ದು ಶೂನ್ಯಕ್ಕೆ. ಮುಗ್ಗರಿಸಿದವರನ್ನು ನಾನು ಹಿಡಿದುಕೊಂಡೆ. ಸೀಟಿನಲ್ಲಿ ಕುಳಿತು, ಮಂಡಿಗೆ ಮೆತ್ತಿದ ಧೂಳು ಒರೆಸಿಕೊಂಡು, ಒಂದು ಲವಂಗ ಬಾಯಿಗೆ ಹಾಕಿಕೊಂಡ ಮೇಲೆ ಅವರೇ ಹೇಳಿದರು.

"ಬದಿಯಿಂದ ಮುಚ್ಚಿಕೊಂಡು ಬರ್ತಾ ಇದೆ ಮೇಷ್ಟ್ರೇ. ಈಗ ಒಂದು ಕೊಳವೆಯೊಳಗಿಂದ ನೋಡಿದ ಹಾಗೆ. ಸಂಜೆಯಾದರೆ ಅದೂ ಇಲ್ಲ. ಇನ್ನು ಐದಾರು ವರ್ಷ ಅಂತ ಮೈಸೂರಿನ ಡಾಕ್ಟರು ಹೇಳಿದಾರೆ. ಔಷಧಿ ಇಲ್ಲವಂತೆ. ನಮ್ಮಪ್ಪಂಗೂ ಇದೇ ಆಗಿತ್ತು."

ಕಪ್ಪುಹಲಗೆಯ ಮೇಲೆ ಒಂದು ಸಾಲಿನ ತಲೆಯ ಮೇಲೆ ಇನ್ನೊಂದು ಸಾಲು ಬರೆದುಬಿಡುತ್ತಿದ್ದುದು, ಚಾಚಿದ ಎಡಗೈ, ನಾವು ನಕ್ಕ ನಗು, ಎಲ್ಲವೂ ಒಮ್ಮೆಲೇ ನನ್ನ ಮುಂದೆ ಬಂದು ನಿಂತವು. "ಅದಕ್ಕೆ ಈ ರೇಡಿಯೋನೇ ಯಾಕೆ?" ಎಂದು ಕೇಳಿದೆ.

"ಕಣ್ಣು ಹೋದ ಮೇಲೆ ಅಪ್ಪ ಇಪ್ಪತ್ತು ವರ್ಷ ಜಗುಲಿ ಮೇಲೆ ರೇಡಿಯೋ ಹಿಡ್ಕೊಂಡು ಕೂತಿದ್ರು. ಅದು ಮಾತಾಡ್ತಾ ಇತ್ತು, ಇವರು ಕೇಳ್ತಾ ಇದ್ರು. ಕೆಲವು ಸಲ ಇವರೂ ಅದಕ್ಕೆ ಉತ್ತರ ಕೊಡೋರು. ಒಂದು ಸಲನಾದ್ರೂ ಅದು ಇವರ ಮಾತು ಕೇಳಿಸ್ಕೊಳ್ಳಲಿಲ್ಲ ಮೇಷ್ಟ್ರೇ."



ತಿಂಗಳ ಮೇಲೆ ರಾಮಣ್ಣನೇ ಫೋನು ಮಾಡಿದರು. ಚನ್ನರಾಯಪಟ್ಟಣದಾಚೆ ನುಗ್ಗೇಹಳ್ಳಿಯಲ್ಲಿ ಲಕ್ಕಯ್ಯನೆಂಬ ಮಾಜಿ ಸೈನಿಕನಿದ್ದಾನೆ, ಸಿಗ್ನಲ್ ಪಡೆಯಲ್ಲಿದ್ದವನು; ಅವನ ಹಳೆಯ ಸೆಟ್ಟಿನಲ್ಲಿ ಒಂದು ಗುಂಡಿಗೆ ಒಂದೇ ಕೆಲಸ; ಆದರೆ ಕೇಳಿದವರಿಗೆಲ್ಲ ಇಲ್ಲವೆಂದಿದ್ದಾನೆ. ನಾವು ಮುಂದಿನ ಭಾನುವಾರವೇ ಹೋದೆವು. ಎಪ್ಪತ್ತು ದಾಟಿದ ಲಕ್ಕಯ್ಯ ಕೊಬ್ಬರಿ ಒಣಹಾಕಿದ ಅಂಗಳದಲ್ಲಿ ಕುಳಿತಿದ್ದ. ಪಡಸಾಲೆಯ ಮೇಜಿನ ಮೇಲೆ, ಕಸೂತಿ ಹಾಕಿದ ಬಟ್ಟೆಯ ಕೆಳಗೆ, ಸೆಟ್ಟಿತ್ತು. ಕಬ್ಬಿಣದ ಟ್ರಂಕಿನಷ್ಟು ಗಾತ್ರ. ನಡುವೆ ಬೋರಲು ಹಾಕಿದ ಬಟ್ಟಲಿನಂಥ ದೊಡ್ಡ ಗುಂಡಿ. ಸುತ್ತ ತಿರುಗಿಸಿದರೆ ಟಕ್ಕೆಂದು ನಿಲ್ಲುವ ಸಣ್ಣವು. ಕನಕಲಕ್ಷ್ಮಿಯವರ ಬೆರಳುಗಳು ಅದರ ಮೇಲೆ ಒಂದು ಸುತ್ತು ಹೋಗಿ ಬಂದವು. ಅವರ ಮುಖ ನೋಡಿ, ಆಯ್ಕೆ ಮುಗಿಯಿತೆಂದು ನನಗೆ ತಿಳಿಯಿತು.

"ಮಾರಾಕಿಲ್ಲ ಕಣವ್ವ" ಎಂದ ಲಕ್ಕಯ್ಯ. "ಪ್ಯಾಟೆಯೋರು ಸೋಕಿಗೆ ತಗಂಡೋಯ್ತಾರೆ, ಆಮ್ಯಾಕೆ ಅಟ್ಟುಕ್ ಆಕ್ಬುಡ್ತಾರೆ. ಅಂಗಾಗ್ ಬ್ಯಾಡ."

ಇವರು ಏನೋ ಹೇಳಿದರು. ಅವನು ಕಿವಿಗೆ ಕೈಯಿಟ್ಟ. ಸೊಸೆ ಬಂದು, "ಎಷ್ಟು ಕೂಗುದ್ರೂ ಕೇಳ್ಸಕಿಲ್ಲ ಕಣಕ್ಕ, ಎಲ್ಡ್ ವರ್ಸಾಯ್ತು" ಎಂದಳು. ಆಗ ಕನಕಲಕ್ಷ್ಮಿಯವರು ಚಾಪೆಯ ಮೇಲೆ ಅವನ ಎದುರಿಗೆ ಕುಳಿತು, ಅವನ ಬಲಗೈ ತೆಗೆದುಕೊಂಡು ಅಂಗೈಯನ್ನು ಬಿಡಿಸಿ, ತೋರುಬೆರಳಿನಿಂದ ಒತ್ತತೊಡಗಿದರು. ಗಿಡ್ಡ ಒತ್ತು, ಉದ್ದ ಒತ್ತು. ಮುದುಕ ಮೊದಲು ಬೆಚ್ಚಿದ. ಆಮೇಲೆ ಅವನ ತಲೆ ತಾನಾಗಿ ವಾಲಿತು, ತುಟಿ ಅಕ್ಷರಗಳನ್ನು ಜೋಡಿಸಿಕೊಳ್ಳತೊಡಗಿತು. ಸೇನೆಯಲ್ಲಿ ಕಲಿತ ಆ ಲಿಪಿ ಅವನ ಕಿವಿಯೊಡನೆ ಸತ್ತಿರಲಿಲ್ಲ.

"ಕಣ್ಣು ಓಯ್ತಾ ಐತಾ?" ಎಂದು ಅವನು ಗಟ್ಟಿಯಾಗಿ ಕೇಳಿದ. ಕನಕಲಕ್ಷ್ಮಿಯವರು ಹೌದೆಂದು ಒತ್ತಿದರು. ಬಹಳ ಹೊತ್ತು ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ತಗಂಡೋಗವ್ವ. ಕಿವಿ ಇರೋರ್ ಮನೇಲಿರ್ಲಿ. ಒಂದೇ ಮಾತು: ವಾರಕ್ಕೊಂದು ಕಾರ್ಡ್ ಬರೀಬೇಕು. ಯಾರ್ ಸಿಕ್ಕುದ್ರು, ಏನಂದ್ರು, ಎಲ್ಲಾನೂವೆ."

ಸೆಟ್ಟು ಬಂದ ಮೇಲೆ ಹತ್ತೊಂಬತ್ತು ದಿನ ಕನಕಲಕ್ಷ್ಮಿಯವರು ಬೆಳಗ್ಗೆ ಆರಕ್ಕೆ ಕುಳಿತು, ಯಾರಾದರೂ ಇದ್ದೀರಾ ಎಂಬ ಕರೆಯನ್ನು ಕಳಿಸಿದರು, ಯಾರೂ ಇರಲಿಲ್ಲ. ಇಪ್ಪತ್ತನೆಯ ದಿನ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತು, "ಪಾಲಕ್ಕಾಡಿನೋರು ಒಬ್ಬರು ಸಿಕ್ಕಿದ್ರು. ಮೇಷ್ಟ್ರೇ, ರೇಡಿಯೋ ನನ್ನ ಹೆಸರು ಹೇಳ್ತು" ಎಂದರು. ರಾಷ್ಟ್ರಗೀತೆ ಮುಗಿಯುವವರೆಗೆ ಅವರ ಕಣ್ಣಿನಿಂದ ನೀರಿಳಿಯುತ್ತಲೇ ಇತ್ತು.

ಕಾರ್ಡು ಒಂದು ವಾರವೂ ತಪ್ಪಲಿಲ್ಲ. ಅಕ್ಷರಗಳು ಮೊದಲು ದಪ್ಪಗಾದವು, ಆಮೇಲೆ ಒಂದರ ಮೇಲೊಂದು ಬಿದ್ದವು, ಎರಡು ಸಾವಿರದ ಒಂದರ ಹೊತ್ತಿಗೆ ಅವರು ಹೇಳಿ ನಾನು ಬರೆಯುವುದು ಶುರುವಾಯಿತು. ಕಣ್ಣಿಲ್ಲದೆ ಮಕ್ಕಳೆದುರು ಬೆಂಕಿ, ಆಮ್ಲಗಳ ಪ್ರಯೋಗ ಮಾಡಿಸಬಾರದೆಂದು ಅದೇ ವರ್ಷ ಸ್ವಯಂನಿವೃತ್ತಿ ತೆಗೆದುಕೊಂಡರು. "ಈ ವಾರ ಜಪಾನಿನ ಒಬ್ಬ ಮೀನುಗಾರ ಸಿಕ್ಕಿದ. ಅವರಲ್ಲಿ ಹಿಮ ಬೀಳುತ್ತಿದೆಯಂತೆ. ನಿಮ್ಮ ಸೆಟ್ಟಿನ ದನಿ ಗಂಟೆಯ ಹಾಗಿದೆ ಎಂದ." ಇಂಥವು. ಲಕ್ಕಯ್ಯ ಆ ಕಾರ್ಡುಗಳನ್ನು ಎದುರಿನ ಟೀ ಅಂಗಡಿಗೆ ಕೊಂಡುಹೋಗಿ ಎಲ್ಲರಿಗೂ ಓದಿ ಹೇಳುತ್ತಿದ್ದನೆಂದು, ಎರಡು ಸಾವಿರದ ನಾಲ್ಕರಲ್ಲಿ ಅವನು ತೀರಿಕೊಂಡಾಗ ಸೊಸೆ ಹೇಳಿದಳು.

ಎರಡು ಸಾವಿರದ ಆರರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ. ಕಳೆದುಹೋದವರನ್ನು ಹುಡುಕಿಕೊಡಲು ರಾಮಣ್ಣ ಎಂಟು ಜನ ಹ್ಯಾಮುಗಳಿಗೆ ಕೈಸೆಟ್ಟು ಕೊಟ್ಟು ಎಂಟು ಕಡೆ ನಿಲ್ಲಿಸಿ, ನಡುವಿನ ಡೇರೆಯಲ್ಲಿ ಎಲ್ಲರ ಮಾತು ಕೇಳಿ ನಡೆಸುವ ಹೊಣೆಯನ್ನು ಕನಕಲಕ್ಷ್ಮಿಯವರಿಗೆ ವಹಿಸಿದರು. "ಎಲ್ಲಾ ಒಟ್ಟಿಗೆ ಕರೀತಾರೆ, ಹೇಗೆ ಬರ್ಕೋತೀರ ಮೇಡಂ?" ಎಂದು ಕೇಳಿದ್ದಕ್ಕೆ, "ಬರ್ಕೊಳ್ಳಲ್ಲ, ನೆನಪಿಟ್ಕೋತೀನಿ" ಎಂದಿದ್ದರಂತೆ. ಅವರ ಕೈಹಿಡಿದು ಕರೆದೊಯ್ದ ನಾನು ಪಕ್ಕದಲ್ಲೇ ಕುಳಿತಿದ್ದೆ.

ಮಧ್ಯಾಹ್ನ ಬೆಳಗಾವಿ ಕಡೆಯ ಹೆಂಗಸೊಬ್ಬಳು ಅಳುತ್ತ ಬಂದಳು. "ನಮ್ಮವ್ವ ಕಳದಾಳ್ರೀ. ಮುಂಜಾನಿಂದ ಹುಡಕಾಕತ್ತೀನಿ. ಅಕಿಗೆ ಲಕ್ವಾ ಹೊಡದೈತ್ರೀ, ಮಾತು ಬರೂದಿಲ್ಲ, ಹೆಸರೂ ಹೇಳಾಕ ಬರೂದಿಲ್ಲ."

ಬಿಸಿಲು ತಲೆ ಸುಡುತ್ತಿತ್ತು. ಬಿಳಿ ಸೀರೆಯ ಮುದುಕಿ ಎಂದರೆ ಅಂದು ಅಲ್ಲಿ ಸಾವಿರಾರು. ಕನಕಲಕ್ಷ್ಮಿಯವರು ಸೀರೆಯ ಬಣ್ಣ ಕೇಳಲಿಲ್ಲ. "ಸದ್ದು ಏನಾದ್ರೂ ಮಾಡ್ತಾರಾ?" ಎಂದರು.

"ಒಂದ ಹಾಡು ಗುಣಗುಣಸ್ತಾಳ್ರೀ, ಸುಮ್ನ ಕುಂತಾಗ."

"ಅದನ್ನ ಒಂದು ಸಲ ಹಾಡಮ್ಮ."

ಆ ಹೆಂಗಸು ಬಿಕ್ಕುತ್ತಲೇ ಜಿನಸ್ತುತಿಯ ಎರಡು ಸಾಲು ಹಾಡಿದಳು. ಕನಕಲಕ್ಷ್ಮಿಯವರು ಇನ್ನೊಮ್ಮೆ ಹಾಡಿಸಿಕೊಂಡರು. ಆಮೇಲೆ ಮೈಕು ಎತ್ತಿ, ಎಂಟು ಜನರೂ ಒಬ್ಬರಾದ ಮೇಲೆ ಒಬ್ಬರು ಗುಂಡಿ ಒತ್ತಿ ಹಿಡಿದು, ಅರ್ಧ ನಿಮಿಷ ಮಾತಾಡದೆ ನಿಲ್ಲಬೇಕೆಂದರು. ಮೊದಲನೆಯವರಿಂದ ಧ್ವನಿವರ್ಧಕದ ಗದ್ದಲ ಬಂತು. ಎರಡನೆಯವರಿಂದ ಬಸ್ಸಿನ ಹಾರನ್ನು. ಮೂರು, ನಾಲ್ಕು, ಐದು. ಅವರು ಒಂದೊಂದಕ್ಕೂ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಆರನೆಯವನು, ಪಾರ್ಕಿಂಗ್ ಬಯಲಿನಲ್ಲಿದ್ದ ಗಿರಿಧರ, ಗುಂಡಿ ಒತ್ತಿದಾಗ ನನಗೆ ಕೇಳಿಸಿದ್ದು ಗಾಳಿ, ನೀರು ಸುರಿಯುವ ಸದ್ದು, ಅಷ್ಟೇ. ಕನಕಲಕ್ಷ್ಮಿಯವರ ಕೈ ಮೇಲೆದ್ದಿತು.

"ಗಿರಿಧರ, ನಿಮ್ಮ ಹತ್ತಿರದಲ್ಲೇ ಯಾರೋ ಗುನುಗ್ತಾ ಇದಾರೆ. ನೀರಿನ ಸದ್ದಿನ ಹಿಂದೆ. ಹುಡುಕಿ."

ನೀರಿನ ಟ್ಯಾಂಕರಿನ ಮರೆಯ ನೆರಳಿನಲ್ಲಿ, ಚಕ್ರಕ್ಕೆ ಒರಗಿ ಕುಳಿತಿದ್ದಳಂತೆ ಮುದುಕಿ. ಗಿರಿಧರ ಮೈಕನ್ನು ಅವಳ ತುಟಿಯ ಬಳಿ ಹಿಡಿದ. ಡೇರೆಯೊಳಗೆ ಆ ಗುನುಗು ತುಂಬಿಕೊಂಡಿತು. ಮಗಳು ಕನಕಲಕ್ಷ್ಮಿಯವರ ಎರಡೂ ಕೈ ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು. "ನಿನ್ನ ದನೀನೇ ಕಣಮ್ಮ ಅವರದ್ದೂ" ಎಂದಷ್ಟೇ ಅಂದು ಇವರು ಮುಂದಿನ ಕರೆಗೆ ತಿರುಗಿದರು. ರಾಮಣ್ಣ ಡೇರೆಯ ಬಾಗಿಲಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಇಂಥವರನ್ನು ಊರು ಸಾಮಾನ್ಯವಾಗಿ ರೇಜಿಗೆಯವರೆಂದು ಕರೆದು ನಗುತ್ತದೆ. ಅಂಗಡಿಯವರು ಬೇಸತ್ತು ಪೆಟ್ಟಿಗೆ ಮುಚ್ಚುತ್ತಾರೆ. ಒಂದು ಗುಂಡಿಯ ಮೇಲೆ ಕಾಲು ಗಂಟೆ ಬೆರಳಿಟ್ಟು ಕೂರುವವರು ಯಾವ ವರ್ಷಕ್ಕಾಗಿ ಸಿದ್ಧರಾಗುತ್ತಿದ್ದಾರೆಂದು ನಾವು ಕೇಳುವುದಿಲ್ಲ, ಅವರಾಗಿ ಹೇಳುವುದೂ ಇಲ್ಲ. ಬರಲಿರುವುದನ್ನು ತಡೆಯಲಾಗದೆಂದು ತಿಳಿದ ಮೇಲೂ ಅದು ಬಂದು ಕೂರುವ ಜಾಗವನ್ನು ತಾವೇ ಗುಡಿಸಿ, ಪಕ್ಕದಲ್ಲೇ ತಮಗೂ ಒಂದು ಮಣೆ ಹಾಕಿಟ್ಟುಕೊಳ್ಳುವ ಜನ ಅವರು. ಅವರಿಗೆ ನಮ್ಮ ಕನಿಕರ ಬೇಕಾಗಿರುವುದಿಲ್ಲ. ಕೊಂಚ ಹೊತ್ತು ಬೇಕಾಗಿರುತ್ತದೆ. ಆ ಹೊತ್ತನ್ನು ತಾಳ್ಮೆಗೆಡದೆ ಅವರಿಗೆ ಬಿಟ್ಟುಕೊಡುವುದನ್ನು ಕಲಿಯಲು ನನ್ನಂಥವನಿಗೆ ಅರ್ಧ ಆಯುಷ್ಯವೇ ಹಿಡಿಯಿತು.