ತಂಗಿಯ ಕಾರು

ಅಣ್ಣನ ಗ್ಯಾರೇಜಿನಿಂದ ಬೈಸಿಕೊಳ್ಳದೆ ಕಾರು ಬಿಡಿಸಿಕೊಂಡು ಹೋದವರಿಲ್ಲ. ಆಯಿಲ್ ಬದಲಿಸದೆ ಓಡಿಸಿದವರು, ಗೇರನ್ನು ಕರಕರ ಅನ್ನಿಸುವವರು, ಯಾರಿಗೂ ಉಗಿತ ತಪ್ಪಿದ್ದಲ್ಲ. ತಂಗಿಗಂತೂ ಎರಡು ಪಾಲು. ಅವಳಿಗೆ ಕಾರು ಕಲಿಸಿದವನು ಅವನೇ; ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅವಳ ಚಾಳಿ ನೋಡಿದರೆ ಅವನ ಮೈ ಉರಿಯುತ್ತಿತ್ತು. ಅವಳೇನು ಸುಮ್ಮನಿರುವವಳೇ? ಒಂದಕ್ಕೆರಡು ಕೊಡುತ್ತಿದ್ದಳು. ಅತ್ತಿಗೆ ಟೀ ತಂದಿಟ್ಟು, "ಬೈದಾಡಿ ಮುಗೀತಾ? ಈಗ ಕುಡೀರಿ" ಅನ್ನುತ್ತಿದ್ದಳು.

ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ಬೈಯುವುದನ್ನೇ ಬಿಟ್ಟ. ಗಿರಾಕಿಗಳಿಗೆ ಹಾಯೆನಿಸಿತೇನೋ. ತಂಗಿಗೆ ಮಾತ್ರ ಆ ಬೈಗುಳವೇ ಬೇಕೆನಿಸುತ್ತಿತ್ತು.

ಚಕ್ರ ಹಾಕುವುದಕ್ಕೆ ಅವನದೇ ಒಂದು ಪದ್ಧತಿ. ಕಾರು ಜಾಕಿನ ಮೇಲಿರುವಾಗ ನಟ್ಟುಗಳನ್ನು ಬರಿಗೈಯಲ್ಲಿ ಕೂರಿಸುವುದು. ನೆಲಕ್ಕಿಳಿಸಿದ ಮೇಲೆ ಉದ್ದನೆಯ ಸ್ಪ್ಯಾನರಿನಿಂದ ಬಿಗಿದು, ಬಿಗಿದ ನಟ್ಟಿಗೆಲ್ಲ ಸೀಮೆಸುಣ್ಣದ ಗೀಟು ಎಳೆಯುವುದು. ಗೀಟು ಬಿತ್ತೆಂದರೆ ಯೋಚನೆಯಿಲ್ಲದೆ ಓಡಿಸಬಹುದು. ಆ ಸಲ ಬ್ರೇಕ್ ಕೆಲಸ ಮುಗಿಸಿ ಕಾರು ಇಳಿಸಿದವನು, "ಅವಳಿದ್ದಿದ್ರೆ ಇಷ್ಟೊತ್ತಿಗೆ ಟೀ ಬಂದಿರೋದು" ಅಂದ. ಅದೇ ಗುಂಗಿನಲ್ಲಿ ಸೀಮೆಸುಣ್ಣ ತೆಗೆದುಕೊಂಡು ಎಲ್ಲ ನಟ್ಟಿಗೂ ಗೀಟೆಳೆದ. ಬಿಗಿಯಲೇ ಇಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ ತಂಗಿಯೂ ಅದನ್ನು ಗಮನಿಸಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಮುಂದಿನ ಚಕ್ರ ಕಟಕಟ ಅನ್ನತೊಡಗಿತ್ತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಹೋಗಿದ್ದಳು. ಬಗ್ಗಿ ನಟ್ಟು ಮುಟ್ಟಿದರೆ ಬೆರಳಿಗೇ ತಿರುಗಿತು. ಮಗುವನ್ನು ಒಳಗೆ ಮಲಗಿಸಿ ಬಂದು, ಡಿಕ್ಕಿಯಲ್ಲಿದ್ದ ಸ್ಪ್ಯಾನರ್ ತೆಗೆದು, ಮೈಭಾರವೆಲ್ಲ ಬಿಟ್ಟು ನಾಲ್ಕೂ ಚಕ್ರ ಬಿಗಿದಳು. ಅಣ್ಣನಿಗೆ ಹೇಳಲಿಲ್ಲ. ಹೆಂಡತಿಯನ್ನು ಕಳೆದುಕೊಂಡು ಕೂತವನಿಗೆ, ನಿನ್ನ ಕೈಯೂ ತಪ್ಪುತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು?

ಮುಂದಿನ ಸರ್ವೀಸ್ ಹತ್ತಿರವಾದಾಗ, ನಟ್ಟಿನ ವಿಷಯ ತಿಳಿದಿದ್ದ ಗಂಡ, "ಶೋರೂಮಿಗೇ ಬಿಡು. ಮಗು ಕೂರೋ ಕಾರು" ಅಂದ.

"ಅಣ್ಣಂಗೆ ಏನು ಹೇಳ್ಲಿ?"

"ವಾರಂಟಿ ಅದೂ ಇದೂ ಅನ್ನು."

ಶೋರೂಮಿನಲ್ಲಿ ತಣ್ಣನೆ ಗಾಳಿ, ಮೆತ್ತನೆ ಸೋಫಾ, ಮಾತುಮಾತಿಗೂ ಮೇಡಂ. "ಕ್ಲಚ್ ಸ್ವಲ್ಪ ಸವೆದಿದೆ ಮೇಡಂ, ಪರವಾಗಿಲ್ಲ, ಎಲ್ಲರದ್ದೂ ಹಾಗೇ ಆಗುತ್ತೆ" ಎಂದು ಅಲ್ಲಿಯವನು ನಗುನಗುತ್ತಾ ಹೇಳಿದ. ಅವಳಿಗೆ ಅಳು ಬಂತು.

ಆಮೇಲೊಂದು ಭಾನುವಾರ ಅಣ್ಣ ಮನೆಗೆ ಬಂದ. ಬಾಗಿಲಲ್ಲಿ ನಿಂತಿದ್ದ ಕಾರನ್ನು ಒಂದು ಸುತ್ತು ಹಾಕಿ ನೋಡಿದ.

"ಸರ್ವೀಸ್ ಆಯ್ತಾ?"

"ವಾರಂಟಿ ಇತ್ತಲ್ಲಣ್ಣ, ಅದಕ್ಕೆ ಶೋರೂಮಲ್ಲೇ..."

"ಈ ಮುದಿ ಕಾರಿಗೆ ಎಂಥ ವಾರಂಟಿನೇ?" ಅಂದ, ಬೇಸರವೇನೂ ಇಲ್ಲದೆ. "ಅವತ್ತು ನೀನು ಹೋದ್ಮೇಲೆ ನೋಡ್ತೀನಿ, ಸ್ಪ್ಯಾನರ್ ಗೋಡೆ ಮೇಲೇ ನೇತಾಡ್ತಿದೆ. ಜೀವ ಬಾಯಿಗೆ ಬಂತು. ಫೋನ್ ಮಾಡಿದೆ, ಎತ್ತಲಿಲ್ಲ. ಇಲ್ಲಿಗೇ ಓಡಿ ಬಂದೆ. ನೀನು ನೆಲದ ಮೇಲೆ ಕೂತು ಬಿಗೀತಿದ್ದೆ."

"ಒಳಗೆ ಬರಬಾರದಿತ್ತಾ ಅಣ್ಣ?"

"ಯಾವ ಮುಖ ಇಟ್ಕೊಂಡು ಬರ್ಲಿ? ನೀನೇ ಬಂದು ಬಾಯಿಗೆ ಬಂದ ಹಾಗೆ ಬೈತೀಯ ಅಂತ ಕಾದೆ. ಬೈದಿದ್ರೆ ತಿದ್ಕೋತಿದ್ದೆ. ನೀನು ಬೈಲಿಲ್ಲ, ಪುಟ್ಟೀ. ಸರ್ವೀಸ್ ದಿನ ದಾಟಿದ್ರೂ ಕಾರು ತರಲಿಲ್ಲ. ನಿನ್ನ ಮಗು ಕೂರೋ ಕಾರನ್ನ ನೀನೇ ನನ್ನ ಕೈಗೆ ಕೊಡಲ್ಲ ಅಂದ್ಮೇಲೆ ಬೇರೆಯವರ ಮಕ್ಕಳ ಕಾರು ಹೇಗೆ ಮುಟ್ಟಲಿ? ನಿನ್ನೆ ಗ್ಯಾರೇಜ್ ಮುಚ್ಚಿಬಿಟ್ಟೆ."

ಅವಳ ಕಟ್ಟೆಯೊಡೆಯಿತು. ಹುಚ್ಚ ಅಂದಳು, ಮೊಂಡ ಅಂದಳು, ಒಂದು ಮಾತು ಕೇಳಬಾರದಿತ್ತಾ ಎಂದು ಬೀದಿಗೆ ಕೇಳಿಸುವಷ್ಟು ಜೋರಾಗಿ ಬೈದಳು. ಅಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ತಿರುಗಿ ಒಂದು ಮಾತೂ ಬೈಯಲಿಲ್ಲ.