ಮೂಲೆಯಲ್ಲಿ ಸೆರಗು

ನನ್ನ ತವರು ಬಿಳಿಚೋಡಿನಲ್ಲಿ ಗಾಳಿಗೆ ಕೊರತೆಯಿಲ್ಲ. ಆದರೆ ಬೇಕಾದಾಗ ಬೇಕಾದಷ್ಟೇ ಬೀಸುವ ಗಾಳಿ ಎಲ್ಲಿಯೂ ಇಲ್ಲ. ಕಣದಲ್ಲಿ ರಾಶಿ ತೂರುವಾಗ ಅವ್ವ ಮೂರು ಕಾಲಿನ ಎತ್ತರದ ಮಣೆ ಹತ್ತಿ ನಿಲ್ಲುತ್ತಿದ್ದಳು. ಬಲಗೈಯಲ್ಲಿ ಮೊರ, ಎಡಗೈಯಲ್ಲಿ ಸೆರಗಿನ ತುದಿ. ಆ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಗಾಳಿಗೆ ಬಿಡುವಳು. ಸೆರಗು ಹಾರುತ್ತಿದ್ದರೆ ಕಾಳು ಸುರಿಯುವಳು, ಇಳಿಬಿದ್ದ ಕೂಡಲೇ ಕೈ ತಡೆಯುವಳು. "ಗಾಳೀನೂ ಉಸಿರು ತಗಂತೈತೆ ಮಗಾ, ಅದು ಉಸಿರು ತಗಳ್ಳಾದನ್ನ ಕಣ್ಣಾಗೆ ಕಾಣಾಕೆ ಆಗಲ್ಲ, ಸೆರಗಿನಾಗೆ ಕಾಣಬೇಕು" ಎನ್ನುತ್ತಿದ್ದಳು.

ಮದುವೆಯಾಗಿ ಹೊನ್ನಾಳಿಗೆ ಬಂದ ಮೇಲೆ ನನಗೆ ಕಣವೂ ಇರಲಿಲ್ಲ, ರಾಶಿಯೂ ಇರಲಿಲ್ಲ. ನನ್ನ ಗಂಡ ರೇವಣ್ಣನದು ಬಸ್‌ಸ್ಟ್ಯಾಂಡಿನ ಎದುರಿನ ಫೋಟೊ ಸ್ಟುಡಿಯೊ. ಅವರು ನನಗೆ ಕತ್ತಲೆಕೋಣೆಯ ಕೆಲಸ ಕಲಿಸಿದರು, ನೆಗೆಟಿವ್ ಟಚಿಂಗ್ ಕಲಿಸಿದರು. ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಲೆ ನೆಗೆಟಿವ್ ಇಟ್ಟು, ವಾರ್ನಿಷ್ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಮುಖದ ಕಲೆಗಳನ್ನು ತುಂಬುವುದು. ಆರು ತಿಂಗಳಲ್ಲಿ ನನ್ನ ಕೈ ಅವರ ಕೈಗಿಂತ ಹಗುರವಾಯಿತು. ಹೊನ್ನಾಳಿ, ನ್ಯಾಮತಿಯ ಎಷ್ಟೋ ಮದುಮಕ್ಕಳ ಮೊಡವೆ, ಸಿಡುಬಿನ ಗುಳಿಗಳೆಲ್ಲ ನನ್ನ ಪೆನ್ಸಿಲಿನ ತುದಿಯಲ್ಲಿ ಮಾಯವಾದವು. "ನಿನ್ ಕೈ ಇದ್ರೆ ಕೋತೀನೂ ಮದುವಣಗಿತ್ತಿ ಆಗ್ತೈತೆ" ಎಂದು ಅವರು ನಗಿಸುತ್ತಿದ್ದರು. ಆ ಮಾತಿಗೆ ನಾನು ಉಬ್ಬುತ್ತಿದ್ದೆ.

ಎಪ್ಪತ್ತೊಂಬತ್ತರ ದೀಪಾವಳಿ ಮುಗಿದ ಮೇಲೆ ಅವರಿಗೆ ಮುಖಗಳು ಬೇಸರವಾದವು. ಪ್ರಕೃತಿಚಿತ್ರ ತೆಗೆಯಬೇಕು, ಪ್ರದರ್ಶನಕ್ಕೆ ಕಳಿಸಬೇಕು ಎಂದರು. ಮಲ್ಪೆ ಕಡಲಿನಲ್ಲಿ ಜನವಸತಿ ಇಲ್ಲದ ದ್ವೀಪಗಳ ಸಾಲೊಂದಿದೆ ಎಂದು ಯಾರೋ ಹೇಳಿದ್ದರು. ಇಬ್ಬರೂ ಹೋದೆವು. ಆಗುಂಬೆ ಘಾಟಿಯಲ್ಲಿಯೇ ಅವರ ಮುಖ ಬಾಡಿತ್ತು. ಮೀನುಗಾರರ ದೋಣಿ ಹತ್ತಿದ ಮೇಲಂತೂ ಕೇಳಬಾರದು.

ಮೊದಲ ದ್ವೀಪದಲ್ಲಿ ಬಾಗಿದ ತೆಂಗಿನ ಮರಗಳಿದ್ದವು. ಅಲ್ಲಿ ಇವರು ನಾಲ್ಕು ಚಿತ್ರ ತೆಗೆದರು. ಮುಂದಿನದಕ್ಕೆ ಹೋಗುವಷ್ಟರಲ್ಲಿ ಹೊಟ್ಟೆಯಲ್ಲಿದ್ದುದೆಲ್ಲ ಕಡಲಿಗೆ ಹೋಗಿತ್ತು. ಮೂರನೆಯದರಲ್ಲಿ ಇಳಿದವರೇ ಮುಖಕ್ಕೆ ಟವೆಲ್ ಹಾಕಿಕೊಂಡು ಚಿಪ್ಪಿನ ರಾಶಿಯ ಮೇಲೆ ಮಲಗಿಬಿಟ್ಟರು.

"ರೀ, ಬೆಳಕು ಹೋಗ್ತೈತೆ, ಏಳ್ರಿ."

"ನೀನೇ ತೆಗೀ. ನಂಗೆ ಭೂಮಿ ತಿರುಗ್ತೈತೆ."

ನಾನು ಸ್ಟ್ಯಾಂಡು, ಕ್ಯಾಮರಾ ಎತ್ತಿಕೊಂಡು ಆಚೆ ಬದಿಗೆ ಹೋದೆ. ಅಂಥ ಕಲ್ಲುಗಳನ್ನು ನಾನು ಕಂಡಿರಲಿಲ್ಲ. ಉದ್ದುದ್ದ, ಮೂಲೆಮೂಲೆಯಾಗಿ ಕಡೆದಂಥ ಕಂಬಗಳು ಒಂದಕ್ಕೊಂದು ಆತು ನಿಂತಿದ್ದವು. ಜೋಳದ ಸೊಪ್ಪೆಯ ಸಿವುಡು ಕಟ್ಟಿ ನಿಲ್ಲಿಸಿದ ಹಾಗೆ. ಯಾರೋ ಸುಗ್ಗಿ ಮುಗಿಸಿ, ಹೊಲ ಬಿಟ್ಟು ಹೋದಂತಿತ್ತು. ಸಂಜೆ ಬಿಸಿಲು ಕಂಬಗಳ ತಲೆಯ ಮೇಲಷ್ಟೇ ಉಳಿದಿತ್ತು.

ಬೆಳಕು ಕಡಿಮೆ, ಹಾಗಾಗಿ ಅರ್ಧ ಸೆಕೆಂಡು ಶಟರ್ ತೆರೆದಿರಬೇಕು. ಗಾಳಿಯೋ, ಸ್ಟ್ಯಾಂಡನ್ನೇ ಅಲುಗಿಸುತ್ತಿತ್ತು. ದೋಣಿಯವನು ದೂರದಿಂದ ಕೂಗಿದ: "ಅಮ್ಮಾ, ಬೇಗ ಬನ್ನಿ ಮಾರ್ರೆ, ಗಾಳಿ ಜೋರುಂಟು! ಕಲ್ಲು ಎಲ್ಲಿಗೂ ಹೋಗುದಿಲ್ಲ, ನಾಳೆಯೂ ಉಂಟು!"

ನನಗೆ ಅವ್ವನ ಮಣೆ ನೆನಪಾಯಿತು. ಬಲಗೈಯಲ್ಲಿ ಶಟರಿನ ಕೇಬಲ್ ಹಿಡಿದೆ. ಎಡಗೈಯಲ್ಲಿ ಇಳಕಲ್ ಸೀರೆಯ ಸೆರಗಿನ ತುದಿಯನ್ನು ಎತ್ತಿ ಹಿಡಿದೆ. ಕ್ಯಾಮರಾ ನೋಡಲಿಲ್ಲ, ಕಲ್ಲು ನೋಡಲಿಲ್ಲ, ಸೆರಗನ್ನೇ ನೋಡುತ್ತ ನಿಂತೆ. ಎಷ್ಟು ಹೊತ್ತೋ. ಸೆರಗು ಹಾರಿತು, ಪಟಪಟ ಬಡಿಯಿತು, ಆಮೇಲೆ ಒಮ್ಮೆಗೇ ಸೋತು ಇಳಿಯಿತು. ಒತ್ತಿದೆ.

ಊರಿಗೆ ಬಂದು ಫಿಲ್ಮ್ ತೊಳೆದು ಪ್ರಿಂಟ್ ಹಾಕಿದೆವು. ಆ ಒಂದು ಚಿತ್ರದಲ್ಲಿ ಕಂಬಗಳು ಉಸಿರು ಬಿಗಿಹಿಡಿದು ನಿಂತಿದ್ದವು. ಹುಲ್ಲಿನ ಎಸಳೂ ಅಲುಗಿರಲಿಲ್ಲ. ಎಡಮೂಲೆಯಲ್ಲಿ ಮಾತ್ರ, ಆಕಾಶದೊಳಗೆ, ಕಪ್ಪಗೆ ಮಬ್ಬಾದ ಒಂದು ತುಂಡು. ಗಾಳಿ ಬಿಟ್ಟಾಗ ನನ್ನ ಸೆರಗು ಇಳಿದದ್ದು ಲೆನ್ಸಿನ ಮುಂದಕ್ಕೆ.

"ಇದೊಂದು ಟಚ್ ಮಾಡಿ ತೆಗ್ದುಬಿಡು."

"ಬ್ಯಾಡ್ರಿ, ಇರ್ಲಿ. ಅದು ಇಳಿದಿದ್ಕೇ ಅಲ್ವ ಫೋಟೊ ಬಂದಿದ್ದು" ಎಂದು ಅವ್ವ ಮಣೆ ಹತ್ತಿ ತೂರುವುದನ್ನು, ಅವಳ ಮಾತನ್ನು, ಎಲ್ಲ ಹೇಳಿದೆ. ಅವರು ಬೆರಗಾಗಿ ಕೇಳಿದರು. ಆಮೇಲೆ, "ಇದನ್ನ ಕಳಿಸಾನ. ನಿನ್ನ ಹೆಸರಲ್ಲೇ" ಎಂದರು.

"ತಮಾಷೆ ಮಾಡಬ್ಯಾಡ್ರಿ."

"ಕ್ಯಾಮರಾ ಮುಟ್ಟಿ ಹೇಳ್ತೀನಿ. ಕರಿಬಸಮ್ಮ, ಹೊನ್ನಾಳಿ. ಹಂಗೇ ಬರೀತೀನಿ. ಸೆರಗೂ ಇರ್ತೈತೆ."

ಆಯುಧಪೂಜೆಯಲ್ಲಿ ಹಚ್ಚಿದ ವಿಭೂತಿ ಆ ಕ್ಯಾಮರಾದ ಚರ್ಮದ ಚೀಲದ ಹೊಲಿಗೆಯಲ್ಲಿ ಇನ್ನೂ ಉಳಿದಿತ್ತು. ಅವರು ಅದರ ಮೇಲೆ ಕೈಯಿಟ್ಟರು. ನನ್ನ ಹೆಸರು ಅಚ್ಚಾಗಿದ್ದನ್ನು ಮದುವೆಯ ಲಗ್ನಪತ್ರಿಕೆಯಲ್ಲಿ ಬಿಟ್ಟರೆ ನಾನು ಎಲ್ಲಿಯೂ ನೋಡಿರಲಿಲ್ಲ. ಆ ಚಳಿಗಾಲವೆಲ್ಲ ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ, ಅದು ಒಂದು ಚಿತ್ರದ ಕೆಳಗೆ ಹೇಗೆ ಕಾಣಬಹುದು ಎಂದು ಬರೆದು ಬರೆದು ನೋಡಿಕೊಂಡೆ. ಮನಸ್ಸಿನಲ್ಲೇ.

ಬಹುಮಾನ ಬಂತು ಎಂದು ಸುದ್ದಿ ಬಂದದ್ದು ಬೇಸಿಗೆಯಲ್ಲಿ. ಸುತ್ತಲಿನ ಸ್ಟುಡಿಯೊದವರೆಲ್ಲ ಸೇರಿ ಚನ್ನಗಿರಿಯಲ್ಲಿ ಸನ್ಮಾನ ಇಟ್ಟುಕೊಂಡರು. ಅದಕ್ಕೆ ಓಡಾಡಿದವರು ಅಲ್ಲಿಯ ಸ್ಟುಡಿಯೊದ ಧರ್ಮಪ್ಪ. ನಾನು ಅದೇ ಇಳಕಲ್ ಸೀರೆ ಉಟ್ಟೆ. ಬಸ್ಸಿನಲ್ಲಿ ಇವರು ಕಿಟಕಿಯಾಚೆಗೇ ನೋಡುತ್ತಿದ್ದರು. ನನ್ನ ಸಲುವಾಗಿ ಇವರಿಗೆ ಸಂಕೋಚ ಅಂದುಕೊಂಡೆ.

ಸಭೆಯಲ್ಲಿ ಧರ್ಮಪ್ಪನವರ ಹೆಂಡತಿ ಕಲ್ಲಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ವೇದಿಕೆಗೆ ರೇವಣ್ಣನವರು ಬರಬೇಕು ಎಂದು ಕೂಗಿದರು. ನಾನು ಸೆರಗು ಸರಿಮಾಡಿಕೊಂಡು ಕಾದೆ. ಇನ್ನೊಂದು ಹೆಸರು ಕೂಗಲಿಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು, ಗೋಡೆಯ ಮೇಲಿನ ಬಟ್ಟೆ ಸರಿಸಿದರು. ದೊಡ್ಡದಾಗಿ ಮಾಡಿದ ಆ ಚಿತ್ರದಲ್ಲಿ ನನ್ನ ಕಣ್ಣು ಹೋದದ್ದು ಎಡಮೂಲೆಗೆ. ಅಲ್ಲಿ ಆಕಾಶವಿತ್ತು. ಬರೀ ಆಕಾಶ. ತುಸು ಒರಟಾದ ಪೆನ್ಸಿಲ್ ಗೆರೆಗಳು ನನಗೊಬ್ಬಳಿಗೇ ಕಾಣುವ ಹಾಗೆ ಇದ್ದವು. ಅದು ಅವರದೇ ಕೈ. ಚಿತ್ರದ ಕೆಳಗೆ ಅವರದೇ ಹೆಸರು, ಅದರಡಿ ಸ್ಟುಡಿಯೊದ ಹೆಸರು.

ಅಷ್ಟಕ್ಕೇ ಮುಗಿದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಧರ್ಮಪ್ಪ, "ಅಲ್ಲ ಕಣೋ ರೇವಣ್ಣ, ಆ ಗಾಳಿಯಾಗೆ ಹೆಂಗ್ ತೆಗೆದ್ಯೋ ಮಾರಾಯ?" ಎಂದು ಕೇಳಿದರು. ನನ್ನ ಗಂಡ ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದರು: "ಗಾಳಿನೂ ಉಸಿರು ತಗಂತೈತೆ. ಅದನ್ನ ಕಾಯಾಕೆ ಗೊತ್ತಿರ್ಬೇಕು."

ಚಪ್ಪಾಳೆ ಬಿತ್ತು. ಕಲ್ಲಮ್ಮ ನನ್ನ ತೊಡೆಗೆ ಹೊಡೆದು, "ಎಂಥ ಮಾತಾಡ್ತಾನವ್ವ ನಿನ್ ಗಂಡ! ನಮ್ಮನೇವ್ರಿಗೆ ಬರೀ 'ಸ್ಮೈಲ್ ಪ್ಲೀಸ್' ಅನ್ನಾಕೆ ಬರ್ತೈತೆ" ಎಂದು ನಕ್ಕಳು. ನಾನೂ ನಕ್ಕೆ. ನಗದೆ ಬೇರೇನು ಮಾಡಬಹುದಿತ್ತು? ಕಣದ ಮಣೆಯ ಮೇಲೆ ನಿಂತ ಅವ್ವನನ್ನು ಯಾರೋ ಕೈಹಿಡಿದು ಕೆಳಗಿಳಿಸಿ, ತಾವೇ ಹತ್ತಿ ನಿಂತ ಹಾಗಾಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಕೇಳಿದೆ: "ಹೆಸರು?"

"ಸ್ಟುಡಿಯೊ ಹೆಸರು ಬಂತಲ್ಲ. ಅದು ಇಬ್ರದೂ ತಾನೆ? ಹೆಂಗಸ್ರ ಹೆಸರು ಹಾಕಿದ್ರೆ ನಂಬ್ತಾರೇನು?"

"ಸೆರಗು?"

"ಅದಿದ್ರೆ ಬಹುಮಾನ ಬರ್ತಿತ್ತಾ? ಕೊಳೆ ಅಂದ್ಕಂತಿದ್ರು."

ಇವೆರಡಕ್ಕೂ ಅವರು ಉತ್ತರ ಕಟ್ಟಿಟ್ಟುಕೊಂಡಿದ್ದರು. ನಾನು ಮೂರನೆಯದನ್ನು ಕೇಳಿದೆ. "ನಮ್ಮವ್ವನ ಮಾತು?"

ಅವರು ನನ್ನ ಕಡೆ ತಿರುಗಿದರು. "ಯಾವ ಮಾತು?"

ಮುಖದಲ್ಲಿ ಕಪಟವಿರಲಿಲ್ಲ. ಅವರು ನಿಜವಾಗಿಯೂ ಮರೆತಿದ್ದರು. ಆ ಮಾತು ತಮ್ಮದೇ ಎಂದು ನಂಬಿದ್ದರು. ಕದ್ದವನನ್ನು ಹಿಡಿದು ಕೇಳಬಹುದು, ಕದ್ದದ್ದೇ ಗೊತ್ತಿಲ್ಲದವನನ್ನು ಏನೆಂದು ಕೇಳುವುದು?

ಮರುದಿನ ಅವರು ನ್ಯಾಮತಿಗೆ ಮದುವೆಯ ಫೋಟೊ ತೆಗೆಯಲು ಹೋದಾಗ ಆ ನೆಗೆಟಿವ್ ಹುಡುಕಿದೆ. ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೂಲೆಗೆ ಮುಟ್ಟಿಸಿದೆ. ಪೆನ್ಸಿಲ್ ಒರೆಸಿದರೆ ಹೋಗುತ್ತದೆ. ಚಾಕುವಿನಿಂದ ಹೆರೆದದ್ದಾದರೆ ಹೋದದ್ದು ಹೋದಂತೆಯೇ. ಪುಣ್ಯಕ್ಕೆ ಅವರು ಪೆನ್ಸಿಲ್ ಮಾತ್ರ ಹಿಡಿದಿದ್ದರು. ಹತ್ತಿ ಬೂದುಬಣ್ಣಕ್ಕೆ ತಿರುಗಿತು, ಸೆರಗು ಬಂತು. ದೊಡ್ಡ ಪ್ರಿಂಟ್ ಹಾಕಿ, ಒಣಗಿಸಿ, ಬೀದಿಗೆ ಕಾಣುವ ಶೋಕೇಸಿನಲ್ಲಿ ಇವರ ಸನ್ಮಾನದ ಫಲಕದ ಪಕ್ಕಕ್ಕೇ ಇಟ್ಟೆ.

ಸಂಜೆ ಅವರು ಬಂದು ನೋಡಿದರು, ಹಾಗೆಯೇ ಬಿಟ್ಟು ಒಳಗೆ ಹೋದರು. ನನಗೆ ಒಂದಿಷ್ಟು ಆಸೆ ಹುಟ್ಟಿತು. ಎರಡು ದಿನ ಬಿಟ್ಟು ಧರ್ಮಪ್ಪ ಬಂದರು, ಕ್ಯಾಲೆಂಡರಿಗೆ ಅದೇ ಚಿತ್ರ ಬೇಕಂತೆ. ಶೋಕೇಸಿನ ಮುಂದೆ ಬಗ್ಗಿ, "ಇದೇನೋ ಇದು, ಮೂಲ್ಯಾಗೆ ಬಟ್ಟೆ ಬಿದ್ದಂಗೈತಲ್ಲ? ಅಲ್ಲಿ ಇಟ್ಟಿದ್ರಾಗೆ ಇರ್ಲಿಲ್ಲ?" ಎಂದರು.

ನಾನು ಗಂಡನ ಮುಖ ನೋಡಿದೆ. ಒಂದು ಮಾತು ಸಾಕಿತ್ತು. ನಮ್ಮದೇ ಅಂಗಡಿಯಲ್ಲಿ, ಒಬ್ಬ ಗೆಳೆಯನ ಮುಂದೆ, ಒಂದೇ ಮಾತು.

"ಪ್ರಿಂಟ್ ಕೆಟ್ಟೈತೆ ಧರ್ಮಪ್ಪ. ತೆಗ್ದು ಬಿಸಾಕ್ತೀನಿ" ಎಂದರು ಅವರು.

"ಕೆಟ್ಟಿಲ್ಲ ಧರ್ಮಪ್ಪಣ್ಣ. ಅದು ನನ್ನ ಸೆರಗು. ಫೋಟೊ ತೆಗೆದೋಳು ನಾನು. ಇವ್ರು ಟವೆಲ್ ಹೊದ್ದು ಮಲಗಿದ್ರು."

ಧರ್ಮಪ್ಪ ನನ್ನನ್ನೂ ಇವರನ್ನೂ ನೋಡಿ ಗೊಳ್ಳೆಂದು ನಕ್ಕರು. "ಗಂಡ ಹೆಂಡ್ತಿ ಜಗಳಾಡಾಕೆ ನಿಮಗೆ ಬೇರೆ ಏನೂ ಸಿಗ್ಲಿಲ್ವೇನ್ ತಂಗೀ? ಟೀ ಕಾಸು ಹೋಗು." ಇವರೂ ಅವರ ಜತೆ ನಕ್ಕರು. ನಾನು ಟೀ ಕಾಸಲಿಲ್ಲ.

ಅವತ್ತಿನಿಂದ ಟಚಿಂಗ್ ಗಾಜಿನ ಮುಂದೆ ಕೂರುವುದನ್ನು ಬಿಟ್ಟೆ. ತೊಳೆಯುತ್ತೇನೆ, ಪ್ರಿಂಟ್ ಹಾಕುತ್ತೇನೆ, ಆದರೆ ಯಾರ ನೆಗೆಟಿವ್‌ನಿಂದಲೂ ಏನನ್ನೂ ಅಳಿಸುವುದಿಲ್ಲ. ಮದುಮಕ್ಕಳು ಮೊಡವೆ ಸಮೇತ ಬಂದರು. ಹೊನ್ನಾಳಿಯ ಜನ ಗೊಣಗಿದರು. "ಏನ್ರೀ ರೇವಣ್ಣ, ನಿಮ್ಮ ಕ್ಯಾಮರಾಗೆ ಕಣ್ಣು ಚುರುಕಾತಾ? ನಮ್ಮ ಹುಡುಗಿ ಗಲ್ಲ ರಾಗಿ ಚೆಲ್ಲಿದಂಗೆ ಬಂದೈತೆ" ಎಂದು ಹೆಣ್ಣಿನ ತಾಯಿಯೊಬ್ಬಳು ಕೌಂಟರಿನ ಮುಂದೆ ನಿಂತು ಕೂಗಾಡಿದಳು. ಇವರು ಒಳಗೆ ಬಂದು, "ಒಂದೀಟು ಕೈಯಾಡ್ಸು ಮಾರಾಯ್ತಿ" ಎಂದರು.

"ಇದ್ದಂಗೇ ಇರ್ಲಿ ಬಿಡ್ರಿ."

ಶೋಕೇಸಿನ ಚಿತ್ರವನ್ನು ಅವರು ತೆಗೆಯಲಿಲ್ಲ. ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಊದಿನಕಡ್ಡಿ ಹಚ್ಚಿದ ಮೇಲೆ, ಬ್ಲೇಡಿನಿಂದ ಪೆನ್ಸಿಲನ್ನು ಚೂಪು ಮಾಡಿ, ನನ್ನ ಗಾಜಿನ ಪಕ್ಕ ಇಟ್ಟು ಹೋಗುತ್ತಾರೆ. ಸಂಜೆಯವರೆಗೂ ಅದು ಅಲ್ಲೇ ಇರುತ್ತದೆ.