ತಾರೀಖಮ್ಮ

ಗೋಡೆಯ ಫೋಟೊವನ್ನು ಮೊಳೆಯಿಂದ ಬಿಡಿಸಿಕೊಂಡು ಮಗಳು ಸ್ಟೂಲಿನಿಂದ ಇಳಿದಳು. ಅಮ್ಮ ಒಬ್ಬಳೇ ಇರುವ ಫೋಟೊ ಮನೆಯಲ್ಲಿ ಅದೊಂದೇ. ಧೂಳು ಒರೆಸಲು ಹಿಂಬದಿ ತಿರುಗಿಸಿದರೆ ಅಮ್ಮನ ದುಂಡು ಅಕ್ಷರದಲ್ಲಿ ಎರಡು ತಾರೀಖು: ತೆಗೆಸಿದ್ದು ಒಂದು, ಗೋಡೆಗೆ ಹಾಕಿದ್ದು ಇನ್ನೊಂದು. ನಿನ್ನೆಯಿಂದ ಅತ್ತು ಊದಿಕೊಂಡಿದ್ದ ಮುಖದಲ್ಲಿ ಸಣ್ಣದೊಂದು ನಗು ಸುಳಿಯಿತು. ಅವಳು ಅದನ್ನು ಅಪ್ಪನಿಗೆ ತೋರಿಸಿದಳು.

"ನನ್ನ ಬೆನ್ನ ಮೇಲೆ ಬರೀಲಿಲ್ಲ, ಪುಣ್ಯ," ಎಂದರು ಅಪ್ಪ. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಹಾಗೆಂದವರೇ ಮುಖ ಆಚೆ ತಿರುಗಿಸಿಕೊಂಡರು.

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಅಡ್ಡಾದ ಅಮ್ಮ ಮತ್ತೆ ಏಳಲಿಲ್ಲ. ಎಪ್ಪತ್ತೊಂದು ವರ್ಷ, ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗಿದವಳಲ್ಲ. ಈಗ ಹತ್ತು ಗಂಟೆಯ ಹೊತ್ತಿಗೆ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗಳಿಗೆ ಆಶ್ಚರ್ಯವಾಗಿದ್ದು ಅದೇ. ನೆಂಟರೆಂದರೆ ಹತ್ತು ಹನ್ನೆರಡು ಜನ, ಉಳಿದವರ ಗುರುತೇ ಅವಳಿಗಿರಲಿಲ್ಲ. ಒಬ್ಬ ಔಷಧಿ ಅಂಗಡಿಯವನು, ಒಬ್ಬ ಬಣ್ಣದ ಕಾರ್ಖಾನೆಯ ಮೇಲ್ವಿಚಾರಕ, ಎರಡು ಬಸ್ಸು ಬದಲಿಸಿ ಬಂದಿದ್ದ ಒಬ್ಬಳು ಶಾಲಾ ಟೀಚರ್. ಎಲ್ಲರೂ ಹೇಳಿದ್ದು ಒಂದೇ ಮಾತು: ಕಾಲೇಜಿನಲ್ಲಿ ಓದುವಾಗ ಸ್ಟೋರಿನಲ್ಲಿ ತಾರೀಖಮ್ಮ ಇದ್ದರು.

*

ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಸ್ಟೋರಿನಲ್ಲಿ ಅಮ್ಮ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದಳು. ಬಾಟಲಿ ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ಕಪಾಟಿನಲ್ಲಿಡುವುದು. ಬಂದ ಪ್ರತಿ ಬಾಟಲಿಗೂ ಒಂದು ಕಾಗದದ ಪಟ್ಟಿ ಅಂಟಿಸಿ, ಬಂದ ತಾರೀಖು ಬರೆಯುತ್ತಿದ್ದಳು. ಮುಚ್ಚಳ ತೆಗೆದ ದಿನ ಎರಡನೆಯ ತಾರೀಖು. ಈಥರಿಗೆ ಮಾತ್ರ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅದನ್ನು ಕಂದು ಗಾಜಿನ ಬಾಟಲಿಯಲ್ಲಿ, ತಂಪಾದ ಕತ್ತಲೆ ಮೂಲೆಯಲ್ಲಿ, ಬೆಂಕಿಯ ಸುಳಿವೂ ಇಲ್ಲದ ಕಡೆ ಇಡಬೇಕು. ಅಷ್ಟು ಮಾಡಿದರೂ ಒಮ್ಮೆ ಗಾಳಿ ತಾಕಿತೆಂದರೆ ಒಳಗೊಳಗೇ ಅದು ಬೇರೆ ಏನೋ ಆಗತೊಡಗುತ್ತದೆ, ತಟ್ಟಿದರೆ ಸಿಡಿಯುವಂಥದ್ದು. ಅದಕ್ಕೇ ಮೂರು ತಿಂಗಳಿಗೊಮ್ಮೆ ಒಂದು ತೊಟ್ಟು ತೆಗೆದು ಪರೀಕ್ಷೆಯ ಕಾಗದದ ಮೇಲೆ ಬಿಟ್ಟು ನೋಡುತ್ತಿದ್ದಳು. ಕಾಗದ ನೀಲಿಯಾದರೆ ಆ ಬಾಟಲಿಗೆ ಅಂದೇ ವಿದಾಯ. ಇದನ್ನೆಲ್ಲ ಅವಳಿಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ಡಬ್ಬಿಗಳ ಜೊತೆ ಬರುವ ಸೂಚನೆಯ ಹಾಳೆಗಳನ್ನು ಯಾರ‍್ಯಾರಿಂದಲೋ ಓದಿಸಿ, ಅರ್ಥ ಕೇಳಿ, ಬಾಯಿಪಾಠ ಮಾಡಿಕೊಂಡಿದ್ದಳು.

ಹತ್ತನೇ ತರಗತಿ ದಾಟದವಳು ಇಷ್ಟು ತಿಳಿದುಕೊಂಡಿದ್ದಾಳೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಅವಳು ಮಾತೇ ಕಡಿಮೆ. ಸ್ಟೋರ್ ಕೀಪರ್ ಹುದ್ದೆ ಖಾಲಿಯಾದಾಗ, ಅವಳಿಗಿಂತ ಎಂಟು ವರ್ಷ ಕಿರಿಯನನ್ನು ತಂದು ಆ ಕುರ್ಚಿಯಲ್ಲಿ ಕೂರಿಸಿದರು. ಮಗಳು ಅಂದು ಕುದಿದುಹೋಗಿದ್ದಳು. ಕೇಳೋಕೆ ನಿಂಗೆ ಬಾಯಿಲ್ವಾ ಎಂದು ಅಮ್ಮನ ಮುಖಕ್ಕೇ ಕೇಳಿದ್ದಳು. ಅಮ್ಮ ಒಣಗಿದ ಬಟ್ಟೆ ಮಡಚುತ್ತಾ, ಕೆಲಸ ಅದೇ ತಾನೆ, ಕುರ್ಚಿ ಬೇರೆ ಅಷ್ಟೆ ಎಂದಿದ್ದಳು. ಆ ಉತ್ತರ ಮಗಳ ಮನಸ್ಸಿನಲ್ಲಿ ಇಷ್ಟು ವರ್ಷ ಮುಳ್ಳಿನ ಹಾಗೆ ಉಳಿದಿತ್ತು.

*

ಹನ್ನೊಂದಕ್ಕೆ ವಿಭಾಗದ ಈಗಿನ ಮುಖ್ಯಸ್ಥೆ ಬಂದರು. ನಲವತ್ತೈದರ ಆಸುಪಾಸಿನ ಹೆಂಗಸು, ಅದೇ ಕಾಲೇಜಿನಲ್ಲಿ ಓದಿದವರು. ಹೂವಿಟ್ಟು ಕಾಲಿಗೆ ನಮಸ್ಕರಿಸಿದರು. ಆಮೇಲೆ ಅಪ್ಪನ ಹತ್ತಿರ ಬಂದು, ಇವತ್ತು ವಿಭಾಗಕ್ಕೆ ರಜೆ ಕೊಡುತ್ತೇವೆ, ಮಕ್ಕಳು ಪ್ರಾಕ್ಟಿಕಲ್ ಶುರು ಮಾಡಿದ್ದಾರೆ, ಫೋನ್ ಮಾಡಿ ನಿಲ್ಲಿಸಿಬಿಡುತ್ತೇನೆ ಎಂದರು.

"ಬೇಡಮ್ಮ," ಎಂದರು ಅಪ್ಪ. "ಅರ್ಧಕ್ಕೆ ಬಿಟ್ಟು, ಮುಚ್ಚಳ ತೆಗೆದಿಟ್ಟು ಬಂದ್ರು ಅಂತ ಗೊತ್ತಾದ್ರೆ ಎದ್ದು ಕೂತು ಬೈತಾಳೆ."

ಸುತ್ತ ಇದ್ದವರು ಮೆಲ್ಲಗೆ ನಕ್ಕರು. ಮಗಳು ನಗಲಿಲ್ಲ. "ಅಮ್ಮ ಯಾರಿಗೆ ಬೈದವಳು ಬಿಡಪ್ಪ. ಬಾಯಿಲ್ಲದೋಳು," ಎಂದಳು.

ಗೋಡೆಗೊರಗಿಸಿದ ಕುರ್ಚಿಯಲ್ಲಿ ಒಬ್ಬ ಮುದುಕರು ಬೆಳಿಗ್ಗೆಯಿಂದ ಕೂತಿದ್ದರು. ಕೋಲಿನ ಹಿಡಿಯ ಮೇಲೆ ಎರಡೂ ಕೈಯಿಟ್ಟು, ಯಾರ ಜೊತೆಗೂ ಮಾತಾಡದೆ. ಅವರೀಗ ತಲೆಯೆತ್ತಿದರು.

"ಹಾಗಂತ ಯಾರು ಹೇಳಿದ್ದಮ್ಮ ನಿಮಗೆ?"

ಮುಖ್ಯಸ್ಥೆ ತಿರುಗಿ ನೋಡಿ, ಗುರುತು ಹಿಡಿದು, ಕೈ ಮುಗಿದರು. ಇವರು ನಮ್ಮ ಮೇಷ್ಟ್ರು, ನಾವು ಓದುವಾಗ ವಿಭಾಗದ ಮುಖ್ಯಸ್ಥರಾಗಿದ್ದವರು ಎಂದು ಮಗಳಿಗೆ ಹೇಳಿದರು. ಮೇಷ್ಟ್ರು ಕೋಲನ್ನು ಗೋಡೆಗೆ ಆನಿಸಿಟ್ಟು, ನಾನು ಹೇಳುತ್ತೇನೆ, ತಪ್ಪಿದರೆ ನೀನು ತಿದ್ದು ಎಂದು ತಮ್ಮ ಶಿಷ್ಯೆಗೆ ಹೇಳಿ ಶುರುಮಾಡಿದರು.

*

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮೇಷ್ಟ್ರ ನಿವೃತ್ತಿಗೆ ಒಂದು ತಿಂಗಳಿತ್ತು. ಅವರ ಕೋಣೆಯ ಮೂಲೆಯಲ್ಲೊಂದು ಕಬ್ಬಿಣದ ಬೀರು, ಅದರ ಕೀ ಅವರ ಜೇಬಿನಲ್ಲಿ. ಒಳಗೆ ಅವರ ಸ್ವಂತ ಸಂಶೋಧನೆಯ ಸಾಮಾನು. ತಾರೀಖಮ್ಮ ವರ್ಷಕ್ಕೊಂದು ಸಲ ಬಂದು, ಬೀರು ಒಮ್ಮೆ ತೆಗೆದು ತೋರಿಸಿ ಸಾರ್ ಎಂದು ಕೇಳುವಳು. ಇವರು ನಕ್ಕು ಕಳಿಸುವರು.

ಅಂದು ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಕೋಣೆಯಲ್ಲೇ ಕೂತಿದ್ದರು. ಕೋಣೆ ಖಾಲಿ ಮಾಡಬೇಕಿತ್ತಲ್ಲ, ಮೇಷ್ಟ್ರು ಮಾತಾಡುತ್ತಲೇ ಬೀರು ತೆಗೆದರು. ತಾರೀಖಮ್ಮ ಉತ್ತರಪತ್ರಿಕೆಯ ಕಟ್ಟು ಹಿಡಿದು ಒಳಗೆ ಬಂದಳು. ಹಿಂದಿನ ಸಾಲಿನಲ್ಲಿ ಹನ್ನೊಂದು ವರ್ಷದ ಹಿಂದೆ ತೆರೆದು ಮರೆತಿದ್ದ ಈಥರ್ ಬಾಟಲಿ ಇತ್ತು. ಅರ್ಧ ಆವಿಯಾಗಿತ್ತು. ಮುಚ್ಚಳದ ಸುತ್ತ ಸಕ್ಕರೆ ಅಂಟಿದ ಹಾಗೆ ಬಿಳೀ ಹರಳು. ಮೇಷ್ಟ್ರ ಬೆರಳು ಆಗಲೇ ಮುಚ್ಚಳದ ಹತ್ತಿರ ಹೋಗಿತ್ತು.

"ಸಾರ್, ಕೈ ತೆಗೀರಿ."

ಆ ದನಿಯನ್ನು ಅವರು ಅದುವರೆಗೆ ಕೇಳಿರಲಿಲ್ಲ. ಕೈ ತಾನಾಗಿ ಹಿಂದೆ ಬಂತು. ಹರಳು ಕಂಡರೆ ಮುಚ್ಚಳ ಮುಟ್ಟಬಾರದು, ಅದು ತಿರುಗುವ ತಿಕ್ಕಾಟಕ್ಕೇ ಸಿಡಿಯುತ್ತದೆ: ಅವರೇ ತರಗತಿಯಲ್ಲಿ ಹೇಳಿದ್ದ ಪಾಠ. ಆದರೆ ಪರಸ್ಥಳದ ಪರೀಕ್ಷಕರ ಎದುರು ಅಟೆಂಡರ್ ಒಬ್ಬಳು ಅಪ್ಪಣೆ ಕೊಟ್ಟಳಲ್ಲ, ಆ ಉರಿಯಲ್ಲಿ ಪಾಠ ನೆನಪಾಗಲಿಲ್ಲ. ಎತ್ತಿಕೊಂಡು ಸ್ಟೋರಿಗೆ ನಡಿ ಎಂದು ಗದರಿದರು.

"ನಾನೂ ಮುಟ್ಟಲ್ಲ, ನೀವೂ ಮುಟ್ಟೋ ಹಾಗಿಲ್ಲ," ಎಂದು ಅವಳು ಬೀರುವಿಗೂ ಅವರಿಗೂ ನಡುವೆ ಬಂದು ನಿಂತಳು.

ಮೇಷ್ಟ್ರು ದಡದಡ ಆಫೀಸಿಗೆ ನಡೆದರು. ಅವಳು ಪರೀಕ್ಷಕರನ್ನು ಹೊರಗೆ ಕಳಿಸಿ, ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ, ಒಂದೊಂದೇ ಲ್ಯಾಬಿಗೆ ಹೋದಳು. ಬರ್ನರ್ ಆರಿಸಿ, ಚೀಲ ಬಿಡಿ, ಓಡಬೇಡಿ, ನಡೀರಿ. ಈಗಿನ ಮುಖ್ಯಸ್ಥೆ ಆಗ ಪರೀಕ್ಷೆ ಬರೆಯುತ್ತಿದ್ದ ವಿದ್ಯಾರ್ಥಿನಿ. ಪರೀಕ್ಷೆ ಹೋಯಿತೆಂದು ಅಳುತ್ತಿದ್ದ ಅವಳ ರೆಟ್ಟೆ ಹಿಡಿದು ತಾರೀಖಮ್ಮನೇ ಮೆಟ್ಟಿಲು ಇಳಿಸಿದ್ದಳು. ನೂರಾ ನಲವತ್ತು ಮಕ್ಕಳು ಮೈದಾನಕ್ಕೆ ಬಂದರು. ಆಮೇಲೆ ಅವಳೇ ಪೊಲೀಸಿಗೆ ಫೋನ್ ಮಾಡಿದಳು.

ಬಾಂಬು ತೆಗೆಯುವವರು ದಪ್ಪ ಕವಚ ತೊಟ್ಟು ಬಂದು, ಬಾಟಲಿಯನ್ನು ಮರಳಿನ ಪೆಟ್ಟಿಗೆಯಲ್ಲಿಟ್ಟು, ಹಸುಗೂಸು ಹೊತ್ತ ಹಾಗೆ ಮೈದಾನದ ಆಚೆ ತುದಿಗೆ ಒಯ್ದರು. ತಂತಿ ಎಳೆದು ದೂರ ನಿಂತು ಸಿಡಿಸಿದರು. ಮೂರಾಳೆತ್ತರ ಮಣ್ಣು ಎದ್ದಿತು. ಮಕ್ಕಳ ಗದ್ದಲವೆಲ್ಲ ಒಮ್ಮೆಗೇ ನಿಂತುಹೋಯಿತು. ಮೇಷ್ಟ್ರು ತಮ್ಮ ಬಲಗೈಯನ್ನು ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಅವರು ಬರೆದ ಮೆಮೊ, ಮೇಲಧಿಕಾರಿಯ ಮಾತು ಮೀರಿ ಪರೀಕ್ಷೆ ಕೆಡಿಸಿದಳೆಂಬುದು, ಟೈಪಾಗಿ ಸೀಲು ಬಿದ್ದು ಅವಳ ಫೈಲು ಸೇರಿತ್ತು.

*

"ಆ ಕಾಗದದಿಂದಲೇ ಅವರ ಬಡ್ತಿ ತಪ್ಪಿದ್ದು," ಎಂದರು ಮೇಷ್ಟ್ರು. "ಎರಡು ವರ್ಷ ಆದ್ಮೇಲೆ ನನಗೆ ಗೊತ್ತಾಯ್ತು."

ಹಳೇ ಬಾಟಲಿ ಒಂದನ್ನ ಹಾಳು ಮಾಡಿದ್ರು ಅಂತಷ್ಟೇ ನನಗೆ ಹೇಳಿದ್ಲು ಎಂದರು ಅಪ್ಪ. ಮಗಳು ಆ ವರ್ಷ ನರ್ಸಿಂಗ್ ಓದುತ್ತಾ ಬೇರೆ ಊರಿನ ಹಾಸ್ಟೆಲಿನಲ್ಲಿದ್ದಳು. ಅವಳಿಗೆ ಅಷ್ಟನ್ನೂ ಯಾರೂ ಹೇಳಿರಲಿಲ್ಲ.

ವಿಷಯ ತಿಳಿದ ಕೂಡಲೇ ಸ್ಟೋರಿಗೆ ಹೋದೆ ಎಂದು ಮೇಷ್ಟ್ರು ಮುಂದುವರಿಸಿದರು. ತಪ್ಪು ನನ್ನದೆಂದು ಮೇಲಿನವರಿಗೆ ಬರೆಯುತ್ತೇನೆ, ಮೆಮೊ ತೆಗೆಸುತ್ತೇನೆ ಎಂದೆ. ನಿಮ್ಮಮ್ಮ ಸ್ಟೂಲು ಒರೆಸಿ ನನ್ನನ್ನು ಕೂರಿಸಿದರು. ನಿವೃತ್ತರ ಮಾತು ಆಫೀಸಿನಲ್ಲಿ ಒಂದೇ ಸಲ ನಡೆಯುತ್ತೆ ಸಾರ್, ಹಾಗಿದ್ದರೆ ಬೀರುಗಳ ಬಗ್ಗೆ ಬರೀರಿ ಎಂದರು. ವಿಭಾಗದ ಪ್ರತಿ ಬೀರುವಿನ ಇನ್ನೊಂದು ಕೀ ಸ್ಟೋರಿನಲ್ಲಿರಬೇಕು, ಯಾರ ಬೀರುವೇ ಆಗಲಿ.

"ಎರಡೂ ಬರೀತೀನಿ ಅಂದೆ," ಎಂದರು ಮೇಷ್ಟ್ರು. "'ಎರಡು ಕೇಳಿದ್ರೆ ಎರಡೂ ಕೊಡಲ್ಲ ಸಾರ್. ಒಂದನ್ನೇ ಕೇಳಿ' ಅಂದ್ರು ನಿಮ್ಮಮ್ಮ."

ಆ ನಿಯಮ ಈಗಲೂ ಇದೆ, ನನ್ನ ಬೀರುವಿನ ಕೀ ಕೂಡ ಸ್ಟೋರಿನಲ್ಲೇ ಇದೆ ಎಂದರು ಮುಖ್ಯಸ್ಥೆ. ಮಗಳು ಅಮ್ಮನ ಪಕ್ಕ ಹೋಗಿ ಕೂತು, ಹೊದಿಸಿದ್ದ ಬಟ್ಟೆಯ ಅಂಚನ್ನು ಸರಿಮಾಡಿದಳು. ಸರಿಯಾಗಿಯೇ ಇದ್ದ ಅಂಚನ್ನು ಮತ್ತೆ ಮತ್ತೆ ಸರಿಮಾಡಿದಳು. ಮುಖ್ಯಸ್ಥೆ ಅವಳ ಹೆಗಲು ಮುಟ್ಟಿ, ಮಕ್ಕಳ ಜೊತೆ ಲ್ಯಾಬಿನಲ್ಲಿ ಒಬ್ಬರೇ ಉಪನ್ಯಾಸಕರಿದ್ದಾರೆ, ನಾನು ಹೋಗಲೇಬೇಕು ಎಂದು ಹೊರಟರು. ಹೋಗಿ, ಹೋಗಿ ಎಂದರು ಅಪ್ಪ.

ವ್ಯಾನು ಹೊರಟಾಗ ಒಂದೂವರೆ. ಸ್ಮಶಾನಕ್ಕೆ ಹೋಗುವ ದಾರಿ ಕಾಲೇಜಿನ ಮುಂದೆಯೇ. ಗೇಟಿನ ಬಳಿ ಸ್ವಲ್ಪ ನಿಧಾನ ಮಾಡಪ್ಪ ಎಂದು ಅಪ್ಪ ಡ್ರೈವರಿಗೆ ಹೇಳಿದರು. ಮಗಳು ಕಿಟಕಿಯಿಂದ ತಲೆಯೆತ್ತಿ ನೋಡಿದಳು. ಎರಡನೇ ಮಹಡಿಯ ಲ್ಯಾಬಿನ ಕಿಟಕಿ ಗಾಜಿಗೆ ಒತ್ತಿಕೊಂಡು ಮಕ್ಕಳು ಸಾಲಾಗಿ ನಿಂತಿದ್ದರು, ಬಿಳಿ ಕೋಟು ತೊಟ್ಟು, ಲ್ಯಾಬಿನೊಳಗೆ ತೆಗೆಯುವ ಹಾಗಿಲ್ಲದ ದಪ್ಪ ರಕ್ಷಣಾ ಕನ್ನಡಕ ಕಣ್ಣಿಗೆ ಕಟ್ಟಿಕೊಂಡು. ನಡುವೆ ಅವರಂತೆಯೇ ಕೋಟು, ಕನ್ನಡಕ ತೊಟ್ಟ ಮುಖ್ಯಸ್ಥೆ. ವ್ಯಾನು ಕೆಳಗೆ ಬಂದಾಗ ಅವರು ಕಣ್ಣೊರೆಸಿಕೊಳ್ಳಲು ಕೈಯೆತ್ತಿದರು. ಬೆರಳು ಕನ್ನಡಕಕ್ಕೆ ತಾಕಿತು. ಒಂದು ಗಳಿಗೆ ಹಾಗೇ ನಿಂತು, ಕನ್ನಡಕ ತೆಗೆಯದೆ, ಕೈ ಕೆಳಗಿಳಿಸಿದರು.